ಒಗ್ಗರಣೆ ಒಂಬತ್ತಕ್ಕೆ, ರೊಟ್ಟಿ ಒಂದಕ್ಕೆ, ಮಿರ್ಚಿ ಐದಕ್ಕೆ

ಹೊಸಪೇಟೆಯಲ್ಲಿ ಜೋಳದ ರೊಟ್ಟಿ ಹುಡುಕಿಕೊಂಡು ನಾನು ಮೊದಲ ಸಲ ಹೊರಟಾಗ ಮಧ್ಯಾಹ್ನ ಮೂರೂವರೆ ಆಗಿತ್ತು. ಬೆಳಗಿನಿಂದ ಹಂಪಿಯ ಬಿಸಿಲಲ್ಲಿ ಕಲ್ಲು ನೋಡಿ ನೋಡಿ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಆಟೋದವರು ತಂದು ಇಳಿಸಿದ ಖಾನಾವಳಿಯಲ್ಲಿ ಒಲೆ ಆರಿತ್ತು, ಹಂಚು ಗೋಡೆಗೆ ಒರಗಿತ್ತು. ನೆಲ ಒರೆಸುತ್ತಿದ್ದ ಹೆಂಗಸು ತಲೆ ಎತ್ತಿ, ‘ರೊಟ್ಟಿ ಮುಗಿದ್ವಣ್ಣ. ಅನ್ನ ಐತೆ, ಸಾರು ಐತೆ, ಕುಂದ್ರಿ’ ಅಂದರು. ಉಂಡೆ. ಕೈ ತೊಳೆಯುವಾಗ ಅವರೇ ಸೇರಿಸಿದರು: ‘ನಾಳೆ ಒಂದರೊಳಗ ಬರ್ರಿ.’

ಈ ಸೀಮೆಯ ಊಟದ ಬಗ್ಗೆ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಸಲಹೆ ಅದೇ. ಹಂಪಿಗೆ ಹೊರಟವರೆಲ್ಲ ‘ಯಾವ ಹೋಟೆಲ್ ಚೆನ್ನಾಗಿದೆ?’ ಎಂದು ಕೇಳುತ್ತಾರೆ. ಕೇಳಬೇಕಾದದ್ದು ‘ಯಾವುದು ಎಷ್ಟು ಹೊತ್ತಿಗೆ?’ ಎಂದು. ಇಲ್ಲಿಯ ಒಳ್ಳೆಯ ತಿಂಡಿಗಳಿಗೆ ಫಲಕ ಇರುವುದಿಲ್ಲ, ಹೊತ್ತು ಇರುತ್ತದೆ. ಆ ಹೊತ್ತು ತಪ್ಪಿಸಿಕೊಂಡವರಿಗೆ ಊರೂರಲ್ಲಿ ಸಿಗುವ ಗೋಬಿ ಮಂಚೂರಿ, ಫ್ರೈಡ್ ರೈಸ್ ಇದ್ದೇ ಇದೆ.

ಇನ್ನೊಂದು ಲೆಕ್ಕವನ್ನೂ ತಲೆಯಲ್ಲಿಟ್ಟುಕೊಂಡರೆ ಹುಡುಕಾಟ ಅರ್ಧ ಕಡಿಮೆಯಾಗುತ್ತದೆ. ಹೊಸಪೇಟೆಯಿಂದ ಸಂಡೂರು ಒಂದು ದಿಕ್ಕಿಗೆ, ಕಂಪ್ಲಿ ಇನ್ನೊಂದು ದಿಕ್ಕಿಗೆ, ಎರಡೂ ಸುಮಾರು ಮೂವತ್ತು ಕಿಲೋಮೀಟರ್. ಸಂಡೂರಿನ ಕಡೆ ಗುಡ್ಡ, ಮಳೆ ನಂಬಿದ ಹೊಲ, ಜೋಳ, ಸಜ್ಜೆ, ಮೆಕ್ಕೆಜೋಳ. ಕಂಪ್ಲಿಯ ಕಡೆ ಕಾಲುವೆ, ಗದ್ದೆ, ಕಬ್ಬು, ಬಾಳೆ. ತುಂಗಭದ್ರಾ ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದಕ್ಕೂ ಮೊದಲೇ ವಿಜಯನಗರದ ಅರಸರ ತುರ್ತು ಕಾಲುವೆ, ಬಸವಣ್ಣ ಕಾಲುವೆಗಳಿದ್ದವು. ಅವು ಇವತ್ತಿಗೂ ಹರಿಯುತ್ತಿವೆ. ಹಂಪಿಯ ದೇವಸ್ಥಾನಗಳ ಮಧ್ಯೆ ನೀವು ದಾಟುವ ಬಾಳೆತೋಟಕ್ಕೆ ನೀರು ಉಣಿಸುವುದು ಅವೇ. ಬಸ್ಸಿನ ಕಿಟಕಿಯಾಚೆ ಗದ್ದೆ ಕಂಡರೆ ಆ ಊರಲ್ಲಿ ಅನ್ನ, ಮೀನು ಕೇಳಿ. ಒಣ ಹೊಲ ಕಂಡರೆ ರೊಟ್ಟಿ ಕೇಳಿ. ಈ ಲೆಕ್ಕ ಅಪರೂಪಕ್ಕೆ ತಪ್ಪುತ್ತದೆ.

ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರು ಬೆಳಗ್ಗೆಯೇ ಹೊಸಪೇಟೆಯಲ್ಲಿ ಇಳಿಯುತ್ತಾರೆ. ಹೆಚ್ಚಿನವರು ಇಳಿದ ಕೂಡಲೇ ಹದಿಮೂರು ಕಿಲೋಮೀಟರ್ ದೂರದ ಹಂಪಿಗೆ ಆಟೋ ಹಿಡಿಯುತ್ತಾರೆ. ಅದು ತಪ್ಪು. ಹಂಪಿ ಆರುನೂರು ವರ್ಷ ಕಾದಿದೆ, ಇನ್ನೊಂದು ತಾಸು ಕಾಯುತ್ತದೆ. ಮಂಡಕ್ಕಿ ಒಗ್ಗರಣೆ ಕಾಯುವುದಿಲ್ಲ.

ಇಡ್ಲಿ, ವಡೆ, ದೋಸೆ, ಪಡ್ಡು ಇಲ್ಲಿಯೂ ಚೆನ್ನಾಗಿಯೇ ಸಿಗುತ್ತವೆ. ಬಸ್ ನಿಲ್ದಾಣದ ಸುತ್ತ ಉಡುಪಿ ಶೈಲಿಯ ಹಳೆಯ ಹೋಟೆಲುಗಳಿವೆ. ಆದರೆ ಅವು ಎಲ್ಲೆಡೆಯೂ ಸಿಗುವಂಥವು. ಈ ಊರಿನ ನಾಷ್ಟಾ ಅಂದರೆ ಒಗ್ಗರಣೆ. ಅದನ್ನು ತಿನ್ನುವ ಮೊದಲು ಗಾಡಿಯ ಎದುರು ಎರಡು ನಿಮಿಷ ನಿಂತು ಮಾಡುವುದನ್ನು ನೋಡಿ. ಗರಿಗರಿ ಮಂಡಕ್ಕಿಯನ್ನು ನೀರು ತುಂಬಿದ ಬುಟ್ಟಿಗೋ ಬಕೆಟ್ಟಿಗೋ ಸುರಿಯುತ್ತಾರೆ. ಅದು ಮೇಲೆ ತೇಲುತ್ತದೆ. ಅಂಗೈಯಿಂದ ಒಮ್ಮೆ ಒಳಗೆ ಅದುಮಿ, ತಕ್ಷಣ ಎರಡೂ ಕೈಯಲ್ಲಿ ಬಾಚಿ ಹಿಂಡಿ ತೆಗೆಯುತ್ತಾರೆ. ಕೆಲವು ಕ್ಷಣ ಹೆಚ್ಚಾದರೆ ಗಂಜಿ, ಕಡಿಮೆಯಾದರೆ ನಡುವೆ ಬೆಂಡು ಉಳಿಯುತ್ತದೆ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಸಿನ, ಟೊಮೆಟೊ. ಹಿಂಡಿದ ಮಂಡಕ್ಕಿ ಬಿದ್ದು, ಕೈಯಾಡಿಸಿ, ಒಲೆಯಿಂದ ಇಳಿಸುವ ಮೊದಲು ಒಂದು ಹಿಡಿ ಪುಟಾಣಿ ಪುಡಿ. ಆ ಪುಡಿಯೇ ಗುಟ್ಟು. ಉಳಿದ ನೀರಿನ ಪಸೆಯನ್ನು ಅದು ಹೀರಿಕೊಂಡು ಒಂದೊಂದು ಕಾಳನ್ನೂ ಬಿಡಿಸಿ ನಿಲ್ಲಿಸುತ್ತದೆ. ಮೇಲೆ ಕೊತ್ತಂಬರಿ, ನಿಂಬೆ, ಪಕ್ಕಕ್ಕೆ ಬಿಸಿ ಮಿರ್ಚಿ. ತಟ್ಟೆಯಲ್ಲಿ ನೀರು ಒಸರಿದರೆ ಆ ಗಾಡಿಗೆ ಎರಡನೆಯ ಸಲ ಹೋಗಬೇಡಿ.

ಹುಬ್ಬಳ್ಳಿಯವರು ಇದನ್ನು ಗಿರ್ಮಿಟ್ ಎಂದು ತಿಳಿದು ಕೇಳುವುದುಂಟು. ಗಿರ್ಮಿಟ್ಟಿಗೆ ಮಂಡಕ್ಕಿ ನೆನೆಸುವುದಿಲ್ಲ, ಒಣಗಿದ್ದಕ್ಕೇ ಮಸಾಲೆ ಕಲೆಸುತ್ತಾರೆ. ಒಗ್ಗರಣೆಯ ನಿಜವಾದ ನೆಂಟಸ್ತನ ಇರುವುದು ಆಂಧ್ರದ ಕಡೆಗೆ. ಅನಂತಪುರ, ಕರ್ನೂಲಿನಲ್ಲಿ ಇದೇ ತಿಂಡಿ ಉಗ್ಗಾಣಿ, ಜೊತೆಗೆ ಬಜ್ಜಿ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ ತನಕ ಮದ್ರಾಸ್ ಆಡಳಿತದಲ್ಲಿತ್ತು. ಹೊಸಪೇಟೆ ಆ ಜಿಲ್ಲೆಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯ ಕೇಂದ್ರವಾದದ್ದು 2021ರಲ್ಲಿ. ಕಾಗದದ ಮೇಲಿನ ಗೆರೆಗಳು ಎಷ್ಟು ಸಲ ಬದಲಾದರೂ ಬೆಳಗಿನ ಬಾಣಲೆ ಬದಲಾಗಿಲ್ಲ. ಒಂಬತ್ತು, ಒಂಬತ್ತೂವರೆ ಒಳಗೆ ತಿಂದರೆ ಅದು ಆಗ ತಾನೇ ಮಾಡಿದ್ದು. ಹತ್ತೂವರೆಗೆ ಸಿಗುವುದು ತಣ್ಣಗಾದ ಗುಡ್ಡೆ.

ಇನ್ನು ಹಂಪಿಯ ಮಾತು. ಹಂಪಿಯಲ್ಲಿ ಊಟ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದು ಹಂಪಿಯದಲ್ಲ, ಅಷ್ಟೆ. ವಿರೂಪಾಕ್ಷ ದೇವಸ್ಥಾನದ ಪಕ್ಕದ ಜನತಾ ಪ್ಲಾಟ್ ಓಣಿಗಳಲ್ಲಿ ಇಸ್ರೇಲಿ, ಯುರೋಪಿನ ಪ್ರವಾಸಿಗರು ವರ್ಷಗಟ್ಟಲೆ ಬಂದು ಬಂದು ಮೆನು ಕಾರ್ಡನ್ನು ತಮ್ಮ ನಾಲಿಗೆಗೆ ತಕ್ಕಂತೆ ಬರೆಸಿಕೊಂಡಿದ್ದಾರೆ. ಹಮ್ಮಸ್, ಫಲಾಫೆಲ್, ಶಕ್ಷುಕಾ, ಬಾಳೆಹಣ್ಣಿನ ಪ್ಯಾನ್‌ಕೇಕ್. ನೆಲದ ಮೇಲೆ ಹಾಸಿದ ಗಾದಿ, ಮುಂದೆ ಕುಳ್ಳ ಮೇಜು. ಬಿಸಿಲು ಇಳಿಯುವ ತನಕ ಒರಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ನಿಂಬೆ ಶರಬತ್ತು ಕುಡಿಯುತ್ತ ಒರಗಿ. ಆದರೆ ಅಲ್ಲಿ ಜೋಳದ ರೊಟ್ಟಿ ಕೇಳಬೇಡಿ. ಒಮ್ಮೆ ಕೇಳಿ, ಬೆಳಗ್ಗೆ ಎಲ್ಲಿಂದಲೋ ತರಿಸಿ ಮತ್ತೆ ಕಾಯಿಸಿದ, ಚರ್ಮದಂತೆ ಎಳೆಯುವ ರೊಟ್ಟಿಯ ಜೊತೆ ಗೋಡಂಬಿ ಗ್ರೇವಿ ತಿಂದವನು ನಾನು. ಕ್ಷೇತ್ರವಾದ್ದರಿಂದ ಊರಿನೊಳಗೆ ಮಾಂಸ, ಮದ್ಯ ಇಲ್ಲ. ಅವು ಬೇಕಿದ್ದವರಿಗೆ ಹೊಸಪೇಟೆಯೇ ಸರಿ.

ಹಳೆಯ ಪ್ರವಾಸ ಪುಸ್ತಕ ಕೈಯಲ್ಲಿ ಹಿಡಿದು ಹೋದರೆ ಇನ್ನೊಂದು ತೊಡಕು. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿದ್ದ ಮನೆ, ಅಂಗಡಿ, ಹೋಟೆಲುಗಳನ್ನು 2011ರ ಜುಲೈಯಲ್ಲಿ ತೆರವು ಮಾಡಿದರು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ 2020ರಲ್ಲಿ ನೆಲಸಮವಾದವು. ಹಾಗಾಗಿ ‘ಹೊಳೆ ದಂಡೆಯ ಆ ಹೋಟೆಲು’ ಎಂದು ಯಾರಾದರೂ ಹೇಳಿದರೆ ಯಾವ ವರ್ಷ ಹೋಗಿದ್ದಿರಿ ಎಂದು ವಿಚಾರಿಸಿಕೊಳ್ಳಿ.

ಅಲ್ಲಿ ನಿಮ್ಮ ಹಸಿವು ಕೆರಳಿಸುವುದು ಕಲ್ಲುಗಳೇ. ಎರಡು ಗಣಪತಿಗಳಿಗೆ ಜನ ಇಟ್ಟ ಹೆಸರು ಅಡುಗೆಮನೆಯ ಡಬ್ಬಿಗಳಿಂದ ಬಂದದ್ದು: ಸಾಸಿವೆಕಾಳು, ಕಡಲೆಕಾಳು. ಹಜಾರರಾಮ ದೇವಸ್ಥಾನದ ಬಳಿಯ ಬೀದಿ ಪಾನ್ ಸುಪಾರಿ ಬಜಾರು. ಕಮಲಾಪುರದಿಂದ ರಾಣಿವಾಸದ ಕಡೆ ಹೋಗುವ ದಾರಿಯಲ್ಲಿ ಭೋಜನಶಾಲೆ ಎಂದು ಕರೆಯುವ ಜಾಗವಿದೆ. ನಡುವೆ ನೀರಿನ ಕಾಲುವೆ, ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳು. ಒಂದೊಂದು ತಟ್ಟೆಯಲ್ಲೂ ಅನ್ನಕ್ಕೆ ದೊಡ್ಡ ಗುಳಿ, ಪಲ್ಯ, ಸಾರು, ಚಟ್ನಿಗೆಂಬಂತೆ ಸುತ್ತ ಸಣ್ಣ ಗುಳಿಗಳು. ನನ್ನ ಜೊತೆ ಬಂದಿದ್ದ ಅತ್ತೆ ಅದನ್ನು ನೋಡಿದವರೇ, ‘ಉಪ್ಪಿಗೆ ಜಾಗ ಎಲ್ಲಿ ಬಿಟ್ಟಿದಾರೆ?’ ಎಂದು ಹುಡುಕತೊಡಗಿದರು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಇಲ್ಲಿಯ ಪೇಟೆಯ ಧಾನ್ಯ, ಹಣ್ಣು, ಕೋಳಿ, ಬೇಟೆಹಕ್ಕಿಗಳ ಸಮೃದ್ಧಿಯನ್ನೂ ಅಗ್ಗದ ಬೆಲೆಯನ್ನೂ ಬರೆದಿಟ್ಟಿದ್ದಾನೆ. ಅವನ ನಂತರ ಬಂದ ನುನಿಜ್, ವಿಜಯನಗರದ ಅರಸರು ಕುರಿ, ಹಂದಿ, ಜಿಂಕೆ, ಮೊಲದಿಂದ ಹಿಡಿದು ಬೆಕ್ಕು, ಇಲಿ, ಹಲ್ಲಿಯವರೆಗೆ ತಿನ್ನುತ್ತಿದ್ದರು, ದನದ ಮಾಂಸವೊಂದನ್ನು ಮುಟ್ಟುತ್ತಿರಲಿಲ್ಲ ಎಂದು ಬರೆಯುತ್ತಾನೆ. ಇದನ್ನು ಊಟಕ್ಕೆ ಮೊದಲು ಅತ್ತೆಗೆ ಹೇಳಬಾರದಿತ್ತು.

ಹಂಪಿಯಲ್ಲಿ ಕೊಂಡು ತಿನ್ನಲೇಬೇಕಾದದ್ದು ಬಾಳೆಹಣ್ಣು. ಈ ಭಾಗದ ಸುಗಂಧಿ ಬಾಳೆ ಯಾಲಕ್ಕಿಗಿಂತ ಉದ್ದ. ಹಣ್ಣಾದಾಗ ಹೆಸರಿಗೆ ತಕ್ಕ ಪರಿಮಳ, ತುಸು ಹುಳಿ ಬೆರೆತ ಸಿಹಿ. ಪೇಟೆಗೆ ಬಂದ ಕೆಂಪು ಬಾಳೆಯನ್ನು ‘ಕಮಲಾಪುರದ್ದು’ ಎಂದು ಕೊಟ್ಟರೆ ಅದು ಇಲ್ಲೇ ಪಕ್ಕದ ಕಮಲಾಪುರ ಎಂದುಕೊಳ್ಳಬೇಡಿ. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯ ಕಮಲಾಪುರ ಇರುವುದು ಕಲಬುರಗಿ ಜಿಲ್ಲೆಯಲ್ಲಿ. ಕೊಂಡ ಚಿಪ್ಪನ್ನು ಚೀಲದೊಳಗೆ ಇಟ್ಟು ಜಿಪ್ ಎಳೆಯಿರಿ. ದೇವಸ್ಥಾನದ ಕೋತಿಗಳಿಗೆ ಸುಗಂಧಿಯ ಪರಿಚಯ ನಿಮಗಿಂತ ಹಳೆಯದು.

ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಗೆಲ್ಲ ಹಂಪಿ ಬಿಟ್ಟು ಕಮಲಾಪುರಕ್ಕೋ ಹೊಸಪೇಟೆಗೋ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಗಳ ನಡುವೆ ಆ ಹೊತ್ತಿಗೆ ನಿಲ್ಲುವುದೇ ಕಷ್ಟ, ಹೇಗೂ ನೆರಳು ಬೇಕು. ಖಾನಾವಳಿ ಗುರುತಿಸುವುದು ಹೇಗೆ? ಕಣ್ಣಿಗಿಂತ ಕಿವಿ ನಂಬಿ. ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದರೆ ಒಳಗೆ ಹೋಗಿ. ಸದ್ದಿಲ್ಲದೆ ರೊಟ್ಟಿ ಬಂದರೆ ಅದು ಬೆಳಗಿನದು.

ಆ ಹೆಂಗಸಿನ ಮಾತಿನಂತೆ ಮರುದಿನ ಒಂದರೊಳಗೆ ಹೋದಾಗ ಕಂಡದ್ದು ಹೀಗೆ. ಎಸರು ಹಾಕಿ ನಾದಿದ ಹಿಟ್ಟಿನ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈಯಲ್ಲಿ ಬಡಿಯುತ್ತಾರೆ, ಬಡಿಯುತ್ತಲೇ ಅದು ತಿರುಗುತ್ತ ಅಗಲವಾಗುತ್ತದೆ. ಹಂಚಿನ ಮೇಲೆ ಬಿದ್ದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ. ಆ ನೀರು ಆರುವ ಕ್ಷಣ ನೋಡಿ ಮಗುಚಬೇಕು. ಆಮೇಲೆ ಹಂಚು ಸರಿಸಿ ನೇರ ಬೆಂಕಿಗೆ ಒಡ್ಡಿದರೆ ಬುಸ್ಸೆಂದು ಉಬ್ಬುತ್ತದೆ. ಉಬ್ಬಿದ ರೊಟ್ಟಿಯ ಆಯಸ್ಸು ಎರಡೇ ನಿಮಿಷ, ಅಷ್ಟರಲ್ಲಿ ಹರಿದು ಎಣ್ಣೆಗಾಯಿಗೆ ಅದ್ದಬೇಕು. ತಟ್ಟೆಯಲ್ಲಿ ಬದನೆ ಎಣ್ಣೆಗಾಯಿ, ಒಂದು ಕಾಳುಪಲ್ಯ, ಪುಂಡಿಪಲ್ಯ ಇದ್ದರೆ ಅದೃಷ್ಟ, ಶೇಂಗಾ ಪುಡಿ, ಗುರೆಳ್ಳು ಪುಡಿ, ಮೊಸರು, ಹಸಿ ಈರುಳ್ಳಿ, ಸೌತೆಕಾಯಿ. ಪುಡಿಗಳಿಗೆ ಮೊಸರೋ ಎಣ್ಣೆಯೋ ಕಲೆಸಿಕೊಳ್ಳಿ. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡು ಕೆಮ್ಮುವ ಬೆಂಗಳೂರಿನವರನ್ನು ನೋಡಿ ಬಡಿಸುವವರು ನಕ್ಕರೆ ತಪ್ಪು ತಿಳಿಯಬೇಡಿ. ಖಾರ ಹೆಚ್ಚಾದರೆ ನೀರು ಕುಡಿದು ಪ್ರಯೋಜನವಿಲ್ಲ, ಮಜ್ಜಿಗೆ ಕೇಳಿ. ‘ಅಕ್ಕ, ಇನ್ನೊಂದು ಬಿಸಿ ರೊಟ್ಟಿ’ ಅಂದರೆ ಬರುವುದು ‘ಬಿಸಿದೊಂದು ಕೊಡಿ ಮೇಡಂ’ ಅಂದರೆ ಬರುವುದಕ್ಕಿಂತ ಬೇಗ ಬರುತ್ತದೆ. ಪರೀಕ್ಷಿಸಿ ನೋಡಿದ್ದೇನೆ.

ಮಾಂಸದೂಟದವರಿಗೆ ಹೊಸಪೇಟೆಯಲ್ಲಿ ಖುಷ್ಕಾ, ಬಿರಿಯಾನಿಯ ಹೋಟೆಲುಗಳಿವೆ, ಮಿಲಿಟರಿ ಹೋಟೆಲುಗಳಿವೆ. ಇಲ್ಲಿಯೂ ಒಂದು ಗಂಟೆಯ ಬಿರಿಯಾನಿಯೇ ಬಿರಿಯಾನಿ. ಶ್ರಾವಣದಲ್ಲಿ ಇವೆಲ್ಲ ಸ್ವಲ್ಪ ತೂಕಡಿಸುತ್ತವೆ.

ಸಂಡೂರಿಗೆ ಹೋಗುವವರು ಹೋಟೆಲ್ ನಂಬಿ ಹೋಗಬೇಡಿ. ಗಣಿಯ ಲಾರಿಗಳ ದಾರಿ ಅದು, ಡಾಬಾಗಳು ಲಾರಿ ಚಾಲಕರ ಹಸಿವಿಗೆ ಅಡುಗೆ ಮಾಡುತ್ತವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಉತ್ತರದ ಕಾರ್ಮಿಕರಿಗಾಗಿ ಚಪಾತಿ, ಆಲೂ ಸಬ್ಜಿ ಸಿಗುತ್ತದೆ. ಕುಮಾರಸ್ವಾಮಿ, ಪಾರ್ವತಿ ದೇವಸ್ಥಾನಗಳಿರುವ ಗುಡ್ಡದ ಮೇಲೆ ಊಟದ ಭರವಸೆ ಕಡಿಮೆ. ಬೆಳಗ್ಗೆ ಹೊಸಪೇಟೆಯಿಂದಲೇ ಬುತ್ತಿ ಕಟ್ಟಿಸಿಕೊಳ್ಳಿ: ಸಜ್ಜೆ ರೊಟ್ಟಿ, ಚಟ್ನಿ ಪುಡಿ, ಮೊಸರನ್ನ. ನಾರಿಹಳ್ಳದ ದಂಡೆಯಲ್ಲಿ ಕೂತು ಬಿಚ್ಚಿದರೆ ಅದಕ್ಕಿಂತ ಒಳ್ಳೆಯ ಭೋಜನಶಾಲೆ ಜಿಲ್ಲೆಯಲ್ಲಿಲ್ಲ. ಈ ಊರು 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು, ಮರಾಠಿಯ ವಾಸನೆ ಕೆಲವು ಮನೆಗಳ ಒಗ್ಗರಣೆಯಲ್ಲಿ ಇನ್ನೂ ಇದೆ. ಆದರೆ ಮನೆಯ ಅಡುಗೆ ಹೋಟೆಲಿಗೆ ಬಂದಿಲ್ಲ. ಲಂಬಾಣಿ ತಾಂಡಾಗಳ ಅಡುಗೆಯೂ ಹಾಗೆಯೇ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಸಿಕ್ಕಿ ಅದು ಪೇಟೆಗೆ ಬಂತು. ಅವರ ಬಾಟಿ, ಸಳೋಯಿ ತಾಂಡಾದ ಮನೆಯಲ್ಲಿ ನೆಂಟರಾಗಿ ಹೋದವರಿಗೆ ಮಾತ್ರ.

ಸಂಡೂರಿನ ಗುಡ್ಡಗಳಿಂದ ಬರುವ ಸೀತಾಫಲದ ಕಾಲ ಮಳೆ ಮುಗಿಯುವ ಹೊತ್ತು, ಸೆಪ್ಟೆಂಬರಿನಿಂದ ಮುಂದಕ್ಕೆ. ಗುಡ್ಡಗಳು ಹಸುರಾಗಿರುವುದೂ ಆಗಲೇ. ರಸ್ತೆ ಬದಿಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕಣ್ಣುಗಳ ನಡುವಿನ ಗೆರೆ ಬಿಳಿಚಿ ಅಗಲವಾಗಿರುವ ಕಾಯಿ ಆರಿಸಿಕೊಂಡರೆ ಒಂದೆರಡು ದಿನದಲ್ಲಿ ಹಣ್ಣಾಗುತ್ತದೆ. ಮೆತ್ತಗಾದದ್ದನ್ನು ಅಲ್ಲೇ ತಿನ್ನಿ, ಬಸ್ಸಿನಲ್ಲಿ ಒಯ್ಯಲು ಹೋದರೆ ಚೀಲದಲ್ಲಿ ಪಾಯಸ.

ಕಂಪ್ಲಿಯ ದಾರಿಯೇ ಬೇರೆ. ಕುಮಾರರಾಮನ ಕಂಪಿಲಿ ಎಂದು ಚರಿತ್ರೆಯಲ್ಲಿ ಓದಿದವರು ಕೋಟೆ ನೋಡಲು ಹೋಗುತ್ತಾರೆ. ನಾನು ಹೋಗುವುದು ಅನ್ನಕ್ಕೆ. ಅಣೆಕಟ್ಟು ಆದ ಮೇಲೆ ಕೃಷ್ಣಾ, ಗೋದಾವರಿ ಸೀಮೆಯ ರೈತರು ಇಲ್ಲಿಗೆ ಬಂದು ಜಮೀನು ಹಿಡಿದು ಗದ್ದೆ ಮಾಡಿದರು. ಅವರು ನೆಲೆಸಿದ ಊರುಗಳನ್ನು ಜನ ಇವತ್ತಿಗೂ ‘ಕ್ಯಾಂಪ್’ ಎನ್ನುತ್ತಾರೆ. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಸುತ್ತ ಇಂಥ ಕ್ಯಾಂಪುಗಳು ಹಲವು. ಅವರ ಜೊತೆ ಬಂದ ಪಪ್ಪು, ಆವಕಾಯಿ, ಗೊಂಗೂರ ಇಲ್ಲಿಯ ಮೆಸ್ಸುಗಳಲ್ಲಿ ಬಿಸಿ ಅನ್ನದ ಮೇಲೆ ಬೀಳುತ್ತವೆ. ಗೊಂಗೂರ ಅಂದರೆ ನಮ್ಮ ಪುಂಡಿಸೊಪ್ಪೇ. ಅದೇ ಸೊಪ್ಪು ರೊಟ್ಟಿಯ ಊರಲ್ಲಿ ಪಲ್ಯವಾಗಿ ಜೋಳದ ನುಚ್ಚಿನ ಜೊತೆ ಬೇಯುತ್ತದೆ, ಅನ್ನದ ಊರಲ್ಲಿ ಎಣ್ಣೆಯಲ್ಲಿ ಬಾಡಿ ಚಟ್ನಿಯಾಗುತ್ತದೆ. ಎರಡನ್ನೂ ಒಂದೇ ದಿನ ತಿನ್ನುವ ಯೋಗ ಬೇರೆಲ್ಲಿ ಸಿಗುತ್ತದೋ ಕಾಣೆ. ಇಲ್ಲಿಯ ಅಕ್ಕಿಗಿರಣಿಗಳಿಂದ ಸೋನಾ ಮಸೂರಿ ಕೊಳ್ಳುವುದಾದರೆ ಹಳೆ ಅಕ್ಕಿಯೋ ಹೊಸತೋ ಕೇಳಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ.

ಮೀನಿಗೆ ಎರಡು ಜಾಗ: ಹೊಸಪೇಟೆಯ ಪಕ್ಕದ ಟಿ.ಬಿ. ಡ್ಯಾಂ ಕಡೆ, ಮತ್ತು ಕಂಪ್ಲಿಯ ಹೊಳೆ ದಂಡೆ. ಗೋಕರ್ಣ, ಕಾರವಾರದ ಕಡಲಿಗೆ ಹೋಗಿ ಬಂದವರು ಬಂಗಡೆ, ಕಾಣೆ ಎಂದು ಇಲ್ಲಿ ಕೇಳುವುದುಂಟು. ಅವು ಐಸಿನಲ್ಲಿ ಮಲಗಿ ಬಂದವು, ಬೇಡ. ಇಲ್ಲಿಯದು ಸಿಹಿನೀರಿನ ಕಾಟ್ಲಾ, ರೋಹು, ಸಿಕ್ಕರೆ ಕೊರಮೀನು. ಕಾಟ್ಲಾ, ರೋಹುವಿನಲ್ಲಿ ಸಣ್ಣ ಮುಳ್ಳು ಬಹಳ, ಮಕ್ಕಳಿದ್ದರೆ ಕೊರಮೀನು ಕೇಳಿ. ಹುರಿಯುವ ಮೊದಲು ಮೀನು ತೋರಿಸಲು ಹೇಳಿ, ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು. ತೋರಿಸಲು ಹಿಂದೇಟು ಹಾಕಿದರೆ ಆಮ್ಲೆಟ್ ತಿಂದು ಎದ್ದು ಬನ್ನಿ. ಮಳೆಗಾಲದಲ್ಲಿ ಕಂಪ್ಲಿಗೆ ಹೊರಡುವ ಮೊದಲು ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸಿ. ಹೊಳೆ ತುಂಬಿದರೆ ಗಂಗಾವತಿಗೆ ದಾಟುವ ಕಂಪ್ಲಿ ಸೇತುವೆ ಮುಳುಗುತ್ತದೆ, ಆಚೆ ಹೋದವರು ಸುತ್ತಿ ಬರಬೇಕಾಗುತ್ತದೆ. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಈ ದಂಡೆಯ ಊರುಗಳೆಲ್ಲ ನಿದ್ದೆಗೆಟ್ಟು ಕಾದಿದ್ದವು.

ಸಂಜೆ ಐದಕ್ಕೆ ಎಲ್ಲಿದ್ದರೂ ಮಿರ್ಚಿಯ ಗಾಡಿ ಹುಡುಕಿ. ಉದ್ದನೆಯ, ಖಾರ ಕಡಿಮೆಯ ಮೆಣಸಿನಕಾಯಿ ಸೀಳಿ, ಹೊಟ್ಟೆಗೆ ಅಜವಾನ, ಉಪ್ಪು, ಹುಣಸೆಯ ಮಸಾಲೆ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಬಿಡುತ್ತಾರೆ. ಖಾರ ಕಡಿಮೆ ಎಂಬುದು ಇಲ್ಲಿಯವರ ಲೆಕ್ಕ. ಮೊದಲ ಸಲದವರು ತುದಿಯಿಂದ ಶುರುಮಾಡಿ, ತೊಟ್ಟಿನ ಕಡೆಗೆ ಹೋದಂತೆ ಬೀಜ ಜಾಸ್ತಿ. ಗಾಡಿಯ ಎಣ್ಣೆ ಚಹಾದ ಬಣ್ಣದ್ದಾಗಿದ್ದರೆ ಪರವಾಗಿಲ್ಲ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಮುಂದಿನ ಗಾಡಿಗೆ ಹೋಗಿ. ಬೆಲೆ ಬರೆಯುತ್ತಿಲ್ಲ, ಲೇಖನ ಅಚ್ಚಾಗುವಷ್ಟರಲ್ಲಿ ಎಣ್ಣೆಯ ದರ ಏರಿರುತ್ತದೆ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ.

ಪ್ರವಾಸದ ದಿನಾಂಕ ನಿಮ್ಮ ಕೈಯಲ್ಲಿದ್ದರೆ ಸಂಕ್ರಾಂತಿಗೆ ಬನ್ನಿ. ಅಂದು ಸುತ್ತಲಿನ ಊರುಗಳ ಜನ ಹಂಪಿಯ ಹೊಳೆಗೆ ಇಳಿದು, ಮಿಂದು, ಬಂಡೆಗಳ ಮೇಲೆ ಬುತ್ತಿ ಬಿಚ್ಚುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮೊಸರು ಬುತ್ತಿ. ಹಂಪಿಯಲ್ಲಿ ನಿಜವಾದ ಊರ ಊಟ ಕಣ್ಣಿಗೆ ಬೀಳುವುದು ಆ ಒಂದು ದಿನ, ಅದೂ ಮಾರಾಟಕ್ಕಲ್ಲ. ನೀವೂ ಹತ್ತಿರದ ಬಂಡೆಯ ಮೇಲೆ ಏನಾದರೂ ಬಿಚ್ಚಿಕೊಂಡು ಕೂತರೆ ಸಾಕು, ‘ತಗೋರಿ, ಒಂದು ರೊಟ್ಟಿ ತಗೋರಿ’ ಎಂದು ಯಾರಾದರೂ ಕೈ ಚಾಚುತ್ತಾರೆ. ಬರಿಗೈಯಲ್ಲಿ ಹೋಗಬೇಡಿ, ತಿರುಗಿ ಕೊಡಲು ಒಂದು ಚಿಪ್ಪು ಸುಗಂಧಿ ಬಾಳೆಯಾದರೂ ಇರಲಿ.

ವಾಪಸು ಹೋಗುವ ದಿನ ರಾತ್ರಿ ರೈಲಿಗೆ ಮುಂಚೆ ಖಡಕ್ ರೊಟ್ಟಿಯ ಒಂದು ಕಟ್ಟು, ಶೇಂಗಾ ಪುಡಿ, ಗುರೆಳ್ಳು ಪುಡಿ ಕಟ್ಟಿಸಿಕೊಳ್ಳಿ. ತಿಂಗಳಾದರೂ ಕೆಡುವುದಿಲ್ಲ. ಬಟ್ಟೆಯ ಚೀಲದ ನಡುವೆ ಇಟ್ಟರೆ ಮುರಿಯುವುದು ಕಡಿಮೆ. ಮೇಲಿನ ಬರ್ತಿನಲ್ಲಿ ಇಟ್ಟಿದ್ದ ನನ್ನ ಕಟ್ಟಿನ ಮೇಲೆ ಯಾರೋ ತಲೆಯಿಟ್ಟು ಮಲಗಿದ್ದರು. ಬೆಂಗಳೂರಲ್ಲಿ ಬಿಚ್ಚಿದಾಗ ಪುಡಿಪುಡಿ. ಹೆಂಡತಿ ಅದನ್ನೇ ಮೊಸರಿಗೆ ಹಾಕಿ, ಈರುಳ್ಳಿ ಹೆಚ್ಚಿ, ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟಳು.